ಭಾವ ಕಟ್ಟಿದ ಗೋಡೆಗೆ ಯಾವ ಡ್ರಿಲ್ಲು?

ಗಂಡ: ಗೋಡೆ ಅಂತೀಯಲ್ಲ, ಗೋಡೆ ಆಗಿದ್ರೆ ತೂತು ಬೀಳ್ತಿತ್ತು ಕಣೇ! ಎರಡು ದಿನ, ಮೂರು ಡ್ರಿಲ್ ಬಿಟ್ಟು, ಒಂದು ಭುಜ. ಇಷ್ಟೆಲ್ಲ ಖರ್ಚಾಗಿ ಬಿದ್ದಿರೋದೇನು? ಕಡಲೆಕಾಳು ಕೂರೋವಷ್ಟು ಒಂದು ಗುಳಿ!

ಹೆಂಡತಿ: ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ. ಗೋಡೆ ಪಾಡಿಗೆ ಗೋಡೆ ನಿಂತಿದೆ, ಅದನ್ಯಾಕೆ ಬೈತೀರಿ?

ಗಂಡ: ನನಗೆ ಕುಣಿಯೋಕೆ ಬರುತ್ತೆ. ಗೆಜ್ಜೆ ಸರಿ ಇಲ್ಲ. ಅದಕ್ಕೇ ಸ್ವಾಮಿ, ಆ ಮೂಲೇಲಿ ನೇತಾಡ್ತಿದೆಯಲ್ಲ, ಎಲ್ಲಕ್ಕಿಂತ ದೊಡ್ಡದು, ಅದನ್ನ ಇಳಿಸಿ.

ಹೆಂಡತಿ: ಇಳಿಸ್ಬೇಡಿ. ಈ ಚಿಕ್ಕದು ಸಾಕು. ಎರಡು ತೂತಿಗೆ ಅಷ್ಟು ದೊಡ್ಡದು ತಗೊಂಡ್ರೆ ಮೂಗಿಗಿಂತ ಮೂಗುತಿ ಭಾರ.

ಹಾರ್ಡ್‌ವೇರ್ ಅಂಗಡಿಯವನು ಕೈಯನ್ನು ಅರ್ಧಕ್ಕೆ ಎತ್ತಿ ಹಾಗೆಯೇ ನಿಲ್ಲಿಸಿಕೊಂಡಿದ್ದ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನು ಕಲಿತದ್ದು ಒಂದೇ: ಗಂಡ ಹೆಂಡತಿ ಜೊತೆಯಾಗಿ ಬಂದರೆ ಮೊದಲ ಐದು ನಿಮಿಷ ಯಾವ ಸಾಮಾನನ್ನೂ ಕೆಳಗಿಳಿಸಬಾರದು. ಇಳಿಸಿದ್ದನ್ನು ಮತ್ತೆ ಹತ್ತಿಸಬೇಕಾಗುತ್ತದೆ. ಗಂಡ ಸ್ಟೂಲಿನಿಂದ ಇಳಿದವನೇ ಕೈಕಾಲು ಸಹ ತೊಳೆಯದೆ ಬಂದಿದ್ದ ಎಂಬುದು ನೋಡಿದರೇ ತಿಳಿಯುತ್ತಿತ್ತು. ತಲೆ, ಹುಬ್ಬು, ಅಂಗಿಯ ಜೇಬು, ಎಲ್ಲೆಲ್ಲೂ ಗೋಡೆಯ ಧೂಳು. ಒಂದೇ ಬೆಳಗಿನಲ್ಲಿ ಹತ್ತು ವರ್ಷ ವಯಸ್ಸಾದಂತಿತ್ತು.

ಅಂಗಡಿಯವನು: ಇಳಿಸೋಣ ಸಾರ್, ಓಡಿಹೋಗಲ್ಲ ಅದು. ಮೊದ್ಲು ತೂತು ಯಾತಕ್ಕೆ ಅಂತ ಹೇಳಿ.

ಹೆಂಡತಿ: ಪರದೆಗೆ. ಮಲಗೋ ಕೋಣೆ ಕಿಟಕಿ ರಸ್ತೆ ಕಡೆಗಿದೆ. ನಾನು ಪರದೆ ಹೊಲಿದಿಟ್ಟು ತಿಂಗಳಾಯ್ತು, ಪೈಪ್ ಕೂರಿಸೋಕೆ ಕಿಟಕಿ ಮೇಲೆ ಎರಡು ತೂತು ಬೇಕು. ಎರಡೇ ಎರಡು. ಅಲ್ಲಿವರೆಗೂ ಹಳೇ ಬೆಡ್‌ಶೀಟ್ ಸಿಕ್ಕಿಸಿದೀವಿ. ಎದುರಿಗೇ ಬಸ್ ಸ್ಟಾಪು. ಸ್ವಲ್ಪ ಗಾಳಿ ಬೀಸಿದ್ರೆ ಸಾಕು, ಬಸ್ ಕಾಯೋರಿಗೆಲ್ಲ ನಮ್ಮ ಸಂಸಾರ ಪುಕ್ಕಟೆ ನಾಟಕ.

ಗಂಡ: ಭಾನುವಾರದೊಳಗೆ ಆಗ್ಲೇಬೇಕು.

ಅಂಗಡಿಯವನು: ಭಾನುವಾರ ಏನು ವಿಶೇಷ?

ಹೆಂಡತಿ: ನಮ್ಮಣ್ಣ ಬರ್ತಾನೆ. ಮೇಸ್ತ್ರಿ ಅವನು. ನಮ್ಮ ಮನೆ ಕಟ್ಟಿದೋನೂ ಅವನೇ. ಶನಿವಾರ ಸಂಜೆಯೊಳಗೆ ಇವರ ಕೈಲಿ ಆಗ್ಲಿಲ್ಲ ಅಂದ್ರೆ, "ಅಣ್ಣಾ, ಬರೋವಾಗ ನಿನ್ನ ಮಿಷಿನ್ ತಗೊಂಡ್ ಬಾ" ಅಂತ ಒಂದು ಫೋನ್ ಮಾಡ್ತೀನಿ. ಅವನಿಗೆ ಐದು ನಿಮಿಷದ ಕೆಲಸ.

ಗಂಡ: ಕೇಳಿದ್ರಾ? ಇದಕ್ಕೇ ನನಗೆ ದೊಡ್ಡದು ಬೇಕಾಗಿರೋದು.

ಭಾವ ಸ್ಟೂಲಿನ ಮೇಲೆ ನಿಂತು, ಕಡಲೆಕಾಳಿನಷ್ಟೇ ಆದ ಆ ಗುಳಿಗೆ ಬೆರಳಿಟ್ಟು, ತಿರುಗಿ ನೋಡಿ ನಗುವುದನ್ನು ಗಂಡ ಎರಡು ದಿನದಿಂದ ಮನಸ್ಸಿನಲ್ಲೇ ನೋಡುತ್ತಿದ್ದ. ಆ ನಗುವಿಗಿಂತ ಬೆಡ್‌ಶೀಟಿನ ಹಿಂದೆ ಬಾಳಿ ಸಾಯುವುದೇ ಮೇಲು ಎಂದು ಅವನಿಗೆ ಅನ್ನಿಸಿತ್ತು. ಅಂಗಡಿಯವನು ಮೂರು ಮಿಷಿನ್‌ಗಳನ್ನು ತಂದು ಗಾಜಿನ ಮೇಜಿನ ಮೇಲೆ ಸಾಲಾಗಿ ಮಲಗಿಸಿದ.

ಅಂಗಡಿಯವನು: ನೋಡಿ, ಇದು ಸಾದಾ ಡ್ರಿಲ್. ಬರೀ ತಿರುಗುತ್ತೆ. ಮರ, ತಗಡಿಗೆ ಸರಿ.

ಗಂಡ: ಇದು ನಮ್ಮನೇಲಿದೆ.

ಅಂಗಡಿಯವನು: ಇದರಲ್ಲೇ ಎರಡು ದಿನ ಗೋಡೆ ಕೊರೆದ್ರಾ?

ಹೆಂಡತಿ: ಗೋಡೆ ಎಲ್ಲಿ ಕೊರೆದ್ರು? ಕೊರೆದಿದ್ದೆಲ್ಲ ನನ್ನ ತಲೆ.

ಅಂಗಡಿಯವನು: ಇದು ಇಂಪ್ಯಾಕ್ಟ್. ತಿರುಗ್ತಾ ತಿರುಗ್ತಾನೇ ಸಣ್ಣಗೆ ಕುಟ್ಟುತ್ತೆ. ಇಟ್ಟಿಗೆ ಗೋಡೆ, ಮೆತ್ತನೆ ಗೋಡೆಗೆ ಇದು ಧಾರಾಳ. ಇನ್ನು ಇದು ಹ್ಯಾಮರ್. ಇದರ ಹೊಟ್ಟೆ ಒಳಗೇ ಸುತ್ತಿಗೆ ಇದ್ದ ಹಾಗೆ, ಹೊಡೆದು ಹೊಡೆದು ನುಗ್ಗುತ್ತೆ. ಗಟ್ಟಿ ಕಾಂಕ್ರೀಟ್‌ಗೆ ಇದೇ ಆಗ್ಬೇಕು. ಈಗ ಹೇಳಿ, ನಿಮ್ಮ ಗೋಡೆ ಗಟ್ಟಿನೋ, ಮೆತ್ತಗೋ?

ಗಂಡ ಬಾಯಿ ತೆರೆದ. ಹೆಂಡತಿಯೂ ತೆರೆದಳು. ಇಬ್ಬರೂ ಒಟ್ಟಿಗೇ ಮುಚ್ಚಿಕೊಂಡರು. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ನಡೆಯುತ್ತಿದ್ದ ಜಗಳವೇ ಇದು. ಭಾವ ಗೋಡೆಯಲ್ಲಿ ಮೋಸ ಮಾಡಿದ್ದಾನೆ ಎಂದು ಗಂಡ, ನಮ್ಮಣ್ಣ ಕಟ್ಟಿದ್ದು ಕೋಟೆ ಎಂದು ಹೆಂಡತಿ. ಈಗ ಗಟ್ಟಿ ಎಂದರೆ ಗಂಡನಿಗೆ ದೊಡ್ಡ ಮಿಷಿನ್ ಸಿಗುತ್ತದೆ, ಆದರೆ ಭಾವ ಗೆಲ್ಲುತ್ತಾನೆ. ಮೆತ್ತಗೆ ಎಂದರೆ ಹೆಂಡತಿಗೆ ಚಿಕ್ಕ ಮಿಷಿನ್ ಸಿಗುತ್ತದೆ, ಆದರೆ ಅಣ್ಣನ ಮಾನ ಹೋಗುತ್ತದೆ.

ಗಂಡ: (ಕೆಮ್ಮಿ) ಗಟ್ಟಿ ಅಂತ... ಹೇಳೋಕಾಗಲ್ಲ.

ಹೆಂಡತಿ: ಮೆತ್ತಗೆ ಅಂತೂ ಅಲ್ಲವೇ ಅಲ್ಲ.

ಅಂಗಡಿಯವನು: ಅಂದ್ರೆ?

ಗಂಡ: ಚಿಕ್ಕದೇ ಕೊಡಿ ಸ್ವಾಮಿ. ಆ ಗೋಡೆಗೆ ಇದೇ ಹೆಚ್ಚು.

ಹೆಂಡತಿ: ದೊಡ್ಡದು ಕೊಡಿ! ಚಿಕ್ಕದಂತೆ ಚಿಕ್ಕದು. ನಮ್ಮಣ್ಣನ ಗೋಡೆ ಏನು ಹಪ್ಪಳಾನಾ?

ಗಂಡ: ಈಗ ತಾನೇ ಮೂಗುತಿ ಭಾರ ಅಂದೆ!

ಹೆಂಡತಿ: ಈಗ ತಾನೇ ನೀವು ಬಂಡೆ ಬಂಡೆ ಅಂತ ಬಡ್ಕೊಂಡ್ರಿ!

ಗಂಡ: ಬಂಡೆ ಅಂತ ನಾನೆಲ್ಲಂದೆ? ಗೋಡೆ ಅಲ್ಲ ಅಂದೆ. ಗೋಡೆನೂ ಅಲ್ಲ ಅದು, ಮರಳಿಗೆ ಸುಣ್ಣ ಬಳಿದು ನಿಲ್ಲಿಸಿದಾರೆ.

ಹೆಂಡತಿ: ಹೌದಾ? ಮರಳು ಕೊರೆಯೋಕೆ ಎರಡು ದಿನ ಬೇಕಾಯ್ತಾ ನಿಮಗೆ? ಸಮುದ್ರದ ದಡದಲ್ಲಿ ಎರಡು ವರ್ಷದ ಮಕ್ಕಳು ಕೈಲೇ ಕೊರೀತಾವೆ.

ಮಾತಿನಲ್ಲಿ ಸೋತಾಗ ಎಲ್ಲ ಗಂಡಂದಿರೂ ಮಾಡುವಂತೆ ಈ ಗಂಡನೂ ಮೂರನೆಯವರ ಕಡೆಗೆ ತಿರುಗಿದ.

ಗಂಡ: ನೀವೇ ಹೇಳಿ ಸ್ವಾಮಿ. ಕಿಟಕಿ ಮೇಲೆ ಲಿಂಟಲ್ ಅಂತ ಹಾಕ್ತಾರಲ್ಲ, ಭಾರ ಹೊರೋ ಕಾಂಕ್ರೀಟ್ ತೊಲೆ, ಅದಕ್ಕೆ ನಾಲ್ಕು ಕಂಬಿ ಹಾಕ್ತೀನಿ ಅಂತ ಹೇಳಿ ಕಂಬಿ ತರಿಸ್ಕೊಂಡ ಇವಳಣ್ಣ. ಒಂದಾದ್ರೂ ಹಾಕಿದ್ರೆ ಕೇಳಿ! ಅದೇ ತಿಂಗಳು ಅವನ ಮನೆಗೆ ಹೊಸ ಗೇಟ್ ಬಂತು. ಕಬ್ಬಿಣದ ಗೇಟು. ಎಲ್ಲಿಂದ ಬಂತು ಕಬ್ಬಿಣ?

ಹೆಂಡತಿ: ದುಡಿದು ತಂದ.

ಗಂಡ: ನಮ್ಮ ಲಿಂಟಲ್‌ನಿಂದ ತಂದ! ಹನ್ನೊಂದು ವರ್ಷ ಆಯ್ತು ಸ್ವಾಮಿ, ಆ ಕಿಟಕಿ ಕೆಳಗೆ ನಾನು ಮಂಚ ಹಾಕಿಸಿಲ್ಲ. ಯಾವಾಗ ತಲೆ ಮೇಲೆ ಬೀಳುತ್ತೋ ಅಂತ.

ಹೆಂಡತಿ: ಗಾಳಿ ಬರೋ ಜಾಗ ಬಿಟ್ಟು, ಬೀರು ಪಕ್ಕದಲ್ಲಿ ಬೇಯ್ತಾ ಮಲಗ್ತೀವಿ, ಇವರ ಪುಣ್ಯ. ಅವನು ಕಂಬಿ ಹಾಕಿದಾನೆ. ಬೇಕಾದ್ರೆ ಆಣೆ ಮಾಡ್ತೀನಿ.

ಗಂಡ: ನಿನ್ನ ಆಣೆಗೆ ಲಿಂಟಲ್ ನಿಲ್ಲುತ್ತಾ?

ಅಂಗಡಿಯವನು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದ. ಇವರ ಮಾತು ನಂಬಿ ಮಿಷಿನ್ ಕೊಟ್ಟರೆ ನಾಳೆಯೇ ವಾಪಸ್ಸು ತರುತ್ತಾರೆಂಬುದು ಅವನಿಗೆ ಖಚಿತವಾಗಿತ್ತು.

ಅಂಗಡಿಯವನು: ಜಗಳ ಬಿಡಿ ಅಮ್ಮಾ. ನಿಮ್ಮ ಗೋಡೆಯನ್ನ ನಾನೇ ವಿಚಾರಿಸ್ಕೋತೀನಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಧೂಳು ನೋಡದೆ ಮಿಷಿನ್ ಕೊಡಲ್ಲ. ಗೋಡೆ ಸುಳ್ಳು ಹೇಳಬಹುದು, ಬಣ್ಣ ಬಳ್ಕೊಂಡಿರುತ್ತೆ. ಧೂಳು ಸುಳ್ಳು ಹೇಳಲ್ಲ.

ಹೆಂಡತಿ: ಧೂಳಿಗೆ ಈಗ ಮನೆಗೆ ಹೋಗ್ಬೇಕಾ?

ಅಂಗಡಿಯವನು: ಯಾಕಮ್ಮಾ? ಸಾರ್ ಹೊತ್ಕೊಂಡೇ ಬಂದಿದಾರಲ್ಲ! ಸಾರ್, ಸ್ವಲ್ಪ ಬಗ್ಗಿ.

ಅವನು ಮೇಜಿನ ಮೇಲೆ ಹಳೆಯ ಪತ್ರಿಕೆಯೊಂದನ್ನು ಹರಡಿದ. ಗೋಡೆಗೆ ಬಣ್ಣ ಹೊಡೆಯುವ ನಾಲ್ಕಿಂಚಿನ ಹೊಸ ಬ್ರಷ್ ತೆಗೆದು ಗಂಡನ ತಲೆ, ಹುಬ್ಬು, ಭುಜವನ್ನೆಲ್ಲ ಮೇಲಿಂದ ಕೆಳಕ್ಕೆ ನೇವರಿಸಿದ. ಕೊನೆಗೆ ಜೇಬನ್ನೂ ಬೋರಲು ಮಾಡಿಸಿದ. ಮೊಳೆ ಕೊಳ್ಳಲು ಬಂದಿದ್ದ ಒಬ್ಬ ಗಿರಾಕಿ ಇದನ್ನು ನೋಡಿ, ತನಗೂ ಸರದಿ ಬಂದೀತೆಂದು ಹೊರಗೆ ಹೋಗಿ ನಿಂತ. ಪತ್ರಿಕೆಯ ಮೇಲೆ ಒಂದು ಹಿಡಿಯಷ್ಟು ಪುಡಿ ಬಿದ್ದಿತು.

ಹೆಂಡತಿ: ಒಂದು ಮಾತು ಹೇಳ್ಬೇಕು, ಮದುವೆ ಆದಾಗಿನಿಂದ ಇವರು ಇಷ್ಟು ಚೊಕ್ಕಟ ಆಗಿದ್ದು ಇವತ್ತೇ.

ಅಂಗಡಿಯವನು: ನೋಡಿ, ಇಟ್ಟಿಗೆ ಆಗಿದ್ರೆ ಪುಡಿ ಕೆಂಪಗಿರ್ಬೇಕು. ಒಂದು ಚಿಟಿಕೆನೂ ಕೆಂಪಿಲ್ಲ. ಈ ಬಿಳಿದು ಮೇಲಿನ ಬಣ್ಣ. ಮಿಕ್ಕಿದ್ದೆಲ್ಲ ಬೂದಿ ಬಣ್ಣ, ಕೈಗೆ ತರಿತರಿ ಅನ್ನುತ್ತೆ. ಅಪ್ಪಟ ಕಾಂಕ್ರೀಟ್. ಸಾರ್, ಕಿಟಕಿಗಿಂತ ಎಷ್ಟು ಮೇಲಕ್ಕೆ ಕೊರೆದ್ರಿ?

ಗಂಡ: ಎರಡು ಬೆರಳು ಮೇಲಕ್ಕೆ.

ಅಂಗಡಿಯವನು: ಅಂದ್ರೆ ಲಿಂಟಲ್‌ಗೇ ಕೈ ಹಾಕಿದೀರಿ. ಅದರ ತಳದಲ್ಲೇ ಕಂಬಿ ಹಾಯ್ದಿರುತ್ತೆ, ತಿಳಿದೋರು ಯಾರೂ ಅಲ್ಲಿ ಕೊರೆಯಲ್ಲ.

ಗಂಡ: ಕಂಬಿ ಇದ್ರಲ್ವಾ ತಗಲೋದು! ಇಲ್ಲ ಅನ್ನೋ ಧೈರ್ಯದಲ್ಲೇ ಅಲ್ಲಿ ಇಟ್ಟಿದ್ದು ನಾನು.

ಅಂಗಡಿಯವನು ಬೀರುವಿನ ಬಾಗಿಲಿಗೆ ಹಾಕುವ ಒಂದು ಮ್ಯಾಗ್ನೆಟ್ಟನ್ನು ಡಬ್ಬಿಯಿಂದ ತೆಗೆದು ಪುಡಿಯ ಮೇಲೆ ಮೆಲ್ಲಗೆ ಆಡಿಸಿದ. ಮೇಲೆತ್ತಿದಾಗ ಅದಕ್ಕೆ ಕಪ್ಪು ಗಡ್ಡ ಬೆಳೆದಿತ್ತು. ಸಣ್ಣ ಸಣ್ಣ ಕಬ್ಬಿಣದ ಚೂರು, ಕೆಲವಂತೂ ಹೊಸದಾಗಿ ಮಿರಿಮಿರಿ ಮಿಂಚುತ್ತಿದ್ದವು. ಮೂವರೂ ಅದನ್ನೇ ನೋಡುತ್ತ ನಿಂತರು. ಹೆಂಡತಿಯ ಮುಖ ಅರಳುತ್ತ ಹೋಯಿತು, ಗಂಡನದು ಅಷ್ಟೇ ಪ್ರಮಾಣದಲ್ಲಿ ಮುದುಡಿತು.

ಗಂಡ: ಅದು... ಅದು ನನ್ನ ಬಿಟ್ಟಿನ ಪುಡಿ.

ಅಂಗಡಿಯವನು: ಬಿಟ್ಟು ತಂದಿದೀರಾ? ಕೊಡಿ. ಇದು ಹೊಸದು, ಇದು ನಿಮ್ಮದು. ಪಕ್ಕಪಕ್ಕದಲ್ಲಿ ಇಟ್ಟೆ. ಉದ್ದ ನೋಡಿ, ಒಂದೇ. ತುದಿ ಮಾತ್ರ ಮೊಂಡು. ಬಿಟ್ಟೇ ಸವೆದು ಇಷ್ಟು ಪುಡಿ ಬರಬೇಕಾದ್ರೆ ನಿಮ್ಮ ಕೈಲಿ ಈಗ ಬಿಟ್ಟೇ ಇರ್ತಿರಲಿಲ್ಲ.

ಗಂಡ: ಉಳಿದೆರಡೂ ನೋಡಿ.

ಅಂಗಡಿಯವನು: ನೋಡ್ದೆ. ಮೂರೂ ಒಂದೇ ತಾಯಿ ಮಕ್ಕಳು. ಇದೊಂದು ಕಬ್ಬಿಣ ಕೊರೆಯೋ ಬಿಟ್ಟು, ಅದೇ ಜಾಸ್ತಿ ಕೆಲಸ ಮಾಡಿದೆ. ಸಾರ್, ಎರಡು ದಿನದಿಂದ ನೀವು ಗೋಡೆ ಕೊರೀತಾ ಇರಲಿಲ್ಲ. ನಿಮ್ಮ ಭಾವನೋರು ಹಾಕಿದ ಕಂಬಿ ಕೊರೀತಾ ಇದ್ರಿ.

ಹೆಂಡತಿ: ಅಯ್ಯೋ, ಹಾಗೆ ಹೇಳ್ಬೇಡಿ. ಆ ಕಂಬಿ ಗೇಟಲ್ಲಿದೆ ಅಲ್ವಾ?

ಗಂಡ: ಒಂದು ಕಂಬಿ ಇರಬಹುದು...

ಹೆಂಡತಿ: ಹೌದು ಹೌದು. ಮಿಕ್ಕ ಮೂರಕ್ಕೆ ಇನ್ನೂ ಆರು ದಿನ ಕೊರೆದು ನೋಡಿ. ಎದುರುಗಡೆ ಬಸ್ ಕಾಯೋರಿಗೂ ಹೊತ್ತು ಹೋಗುತ್ತೆ.

ಗಂಡನಿಗೆ ನಿಜವಾಗಿಯೂ ದುಃಖವಾಯಿತು. ಹನ್ನೊಂದು ವರ್ಷ ಜತನವಾಗಿ ಸಾಕಿಕೊಂಡು ಬಂದ ಒಂದು ಅನುಮಾನವನ್ನು ಪತ್ರಿಕೆಯ ಮೇಲೆ ಹೀಗೆ ಒಂದು ಹಿಡಿ ಪುಡಿಯಾಗಿ ನೋಡುವುದು ಯಾರಿಗಾದರೂ ಕಷ್ಟವೇ. ಅದರ ಜೊತೆಗೆ ಕಿಟಕಿಯ ಕೆಳಗೆ ಮಲಗದೆ ಕಳೆದ ಹನ್ನೊಂದು ಬೇಸಿಗೆಗಳೂ ನೆನಪಾದವು. ಅವನು ಬೆವರು ಒರೆಸಿಕೊಂಡ.

ಅಂಗಡಿಯವನು: ಬೇಜಾರು ಬೇಡ ಸಾರ್. ಅಲ್ಲಿಂದ ಇನ್ನೂ ಎರಡು ಬೆರಳು ಮೇಲಕ್ಕೆ ಸರಿಸಿ ಕೊರೀರಿ, ಕಂಬಿ ತಪ್ಪುತ್ತೆ. ಎರಡೇ ತೂತು ಅಲ್ವಾ? ಕಾಂಕ್ರೀಟ್ ಆದ್ರೂ ಇಂಪ್ಯಾಕ್ಟಲ್ಲೇ ಆಗುತ್ತೆ. ಸ್ವಲ್ಪ ತಾಳ್ಮೆ ಬೇಕಷ್ಟೆ. ದೊಡ್ಡದು ದಿನಾ ಕೆಲಸ ಮಾಡೋರಿಗೆ.

ದೊಡ್ಡ ಮಿಷಿನ್ ಮೇಜಿನ ಮೇಲೆ ಕರ್ರಗೆ ಮಿಂಚುತ್ತ ಮಲಗಿತ್ತು. ಅಂಗಡಿಯವನು ಅದನ್ನೆತ್ತಿ ಮತ್ತೆ ಮೂಲೆಗೆ ಹತ್ತಿಸಲು ಹೊರಟ. ಗಂಡ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಪತ್ರಿಕೆಯ ಮೇಲಿನ ಪುಡಿಯನ್ನು ನೋಡಿದ. ಇದ್ದಕ್ಕಿದ್ದಂತೆ ಅವನ ಬೆನ್ನು ನೆಟ್ಟಗಾಯಿತು.

ಗಂಡ: ತಡೀರಿ! ಇಂಪ್ಯಾಕ್ಟಲ್ಲಿ ಆಗುತ್ತಾ? ಏನ್ ಮಾತಾಡ್ತೀರಿ ಸ್ವಾಮಿ! ಯಾರೋ ದಾರೀಲಿ ಹೋಗೋನು ಕಟ್ಟಿದ ಲಿಂಟಲ್ ಅಂದ್ಕೊಂಡ್ರಾ? ನಮ್ಮ ಭಾವ ಕಟ್ಟಿರೋದು!

ಹೆಂಡತಿ: ಏನಂದ್ರಿ?

ಗಂಡ: ಇದ್ದದ್ದು ಇದ್ದ ಹಾಗೆ ಹೇಳಿದೆ ಕಣೇ. ಭಾವನ ಕೈ ಅಂದ್ರೆ ಕೈ. ಅವರು ಕಲಸಿದ ಕಾಂಕ್ರೀಟ್‌ಗೆ ಈ ಚಿಕ್ಕದನ್ನ ಇಟ್ರೆ, ಗುಬ್ಬಚ್ಚಿ ಬಂದು ಬಂಡೆ ಕುಕ್ಕಿದ ಹಾಗೆ ಆಗುತ್ತೆ.

ಹೆಂಡತಿ: ಈ ಗಳಿಗೆವರೆಗೂ ಕಳ್ಳ ಆಗಿದ್ದ.

ಗಂಡ: ಆಗ ನನಗೆ ಜ್ಞಾನ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಅವನು ‘ನಿಮ್ಮಣ್ಣ’ ಎನ್ನುವುದನ್ನು ಬಿಟ್ಟು ‘ನಮ್ಮ ಭಾವ’ ಎಂದದ್ದು ಇದೇ ಮೊದಲು. ಮಿಷಿನ್ ಆಸೆಗೆ ಅಂದದ್ದು ಎಂದು ಹೆಂಡತಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಕೇಳಿ ಸಂತೋಷವಾಯಿತು, ಅದನ್ನು ಮುಚ್ಚಿಡಲು ಅವಳು ಬೇಕೆಂದೇ ಗಂಟು ಮುಖ ಹಾಕಿಕೊಂಡಳು.

ಹೆಂಡತಿ: ಭಾನುವಾರ ಈ ಮಾತನ್ನ ಅವನೆದುರಿಗೆ ಹೇಳ್ತೀರಾ?

ಗಂಡ: ಮಿಷಿನ್ ಕೈಲಿ ಹಿಡ್ಕೊಂಡೇ ಹೇಳ್ತೀನಿ.

ಹೆಂಡತಿ: ಗೇಟಿನ ವಿಷಯ?

ಗಂಡ: ಗೇಟು ಅವರ ಬೆವರಿಂದು.

ಹೆಂಡತಿ: ಮಂಚ?

ಗಂಡ: ಇವತ್ತೇ ಕಿಟಕಿ ಕೆಳಗೆ ಎಳೀತೀನಿ.

ಹೆಂಡತಿ: ಸ್ವಾಮಿ, ದೊಡ್ಡದೇ ಕೊಡಿ. ನಮ್ಮಣ್ಣನ ಲಿಂಟಲ್‌ಗೆ ಅದೇ ಮರ್ಯಾದೆ.

ಅಂಗಡಿಯವನು ಏಣಿ ಹತ್ತುವ ಕಷ್ಟ ತಪ್ಪಿದ್ದಕ್ಕೆ ಖುಷಿಯಾಗಿ ಮಿಷಿನ್ನನ್ನು ಡಬ್ಬಿಗೆ ಹಾಕತೊಡಗಿದ. ಕೆಲಸದ ನಡುವೆ ಬುದ್ಧಿಮಾತೂ ಹೇಳಿದ.

ಅಂಗಡಿಯವನು: ಭುಜ ಕೊಟ್ಟು ಒತ್ತಬೇಡಿ ಸಾರ್, ಸುಮ್ಮನೆ ಹಿಡ್ಕೊಂಡ್ರೆ ಅದೇ ನುಗ್ಗುತ್ತೆ. ಕಣ್ಣಿಗೆ ಕನ್ನಡಕ ಇರಲಿ. ಮತ್ತೆ ಕಬ್ಬಿಣ ಸಿಕ್ತು ಅಂದ್ರೆ ಹಠ ಬೇಡ, ಜಾಗ ಬದಲಾಯಿಸಿ. ಅಂದ ಹಾಗೆ ಅಮ್ಮಾ, ನಿಮ್ಮಣ್ಣನ ಫೋನ್ ನಂಬರ್ ಕೊಡ್ತೀರಾ? ಈ ಅಂಗಡಿ ಮೇಲೆ ಎರಡು ಕೋಣೆ ಎತ್ತಿಸ್ಬೇಕು ಅಂತಿದೀನಿ. ಲೆಕ್ಕದ ಪ್ರಕಾರ ಕಂಬಿ ಹಾಕೋ ಮೇಸ್ತ್ರಿ ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ?

ಗಂಡ: ಕೊಡೇ! ಭಾವನಿಗೊಂದು ಕೆಲಸ ಸಿಗುತ್ತೆ.

ಹೆಂಡತಿ ಚೀಲದೊಳಗೆ ಕೈ ಹಾಕಿದಳು. ಫೋನು ಸಿಕ್ಕಿತೆಂದು ಕಾಣುತ್ತದೆ, ಆದರೂ ಕೈ ಹೊರಗೆ ಬರಲಿಲ್ಲ.

ಹೆಂಡತಿ: ಕಂಬಿ ನೀವೇ ತರಿಸಿ, ನಿಂತು ಹಾಕಿಸ್ತೀರೋ, ಎಲ್ಲ ಅವನಿಗೇ ಬಿಡ್ತೀರೋ?

ಅಂಗಡಿಯವನು: ಅವರಿಗೇ ಬಿಡೋಣ ಅಂತ. ನಾನು ಅಂಗಡಿ ಬಿಟ್ಟು ಅಲ್ಲಾಡೋ ಹಾಗಿಲ್ಲ.

ಹೆಂಡತಿ: (ಧ್ವನಿ ತಗ್ಗಿಸಿ) ಹಾಗಾದ್ರೆ ನಂಬರ್ ಬೇಡ ಬಿಡಿ.

ಗಂಡ: ಯಾಕೆ?

ಹೆಂಡತಿ: ಯಾಕೆ ಅಂದ್ರೆ ಬೇಡ ಅಷ್ಟೆ.

ಗಂಡ: ಕಂಬಿ ಹಾಕಿದಾನಲ್ಲೇ! ಕಣ್ಣಾರೆ ನೋಡಿದ್ವಲ್ಲ!

ಹೆಂಡತಿ: ಹಾಕಿದಾನೆ. ಯಾಕೆ ಹಾಕ್ದ? ಲಿಂಟಲ್ ಹಾಕೋ ದಿನ ನೀವು ಆಫೀಸಿಗೆ ಹೋಗಿದ್ರಿ. ನಾನು ಅಲ್ಲೇ ಬಿಸಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ, ನನ್ನ ಕಣ್ಣೆದುರಿಗೇ ತಂತಿ ಕಟ್ಟಿಸಿ, ಆಮೇಲೆ ಕಾಂಕ್ರೀಟ್ ಸುರಿಸಿದೀನಿ. "ಹೋಗಿ ಟೀ ಮಾಡ್ಕೊಂಡು ಬಾರಮ್ಮಾ" ಅಂತ ಮೂರು ಸಲ ಕಳಿಸೋಕೆ ನೋಡ್ದ. ನಾನು ಏಳಲಿಲ್ಲ.

ಗಂಡ: ಅಂದ್ರೆ... ನಿನಗೂ ಅವನ ಮೇಲೆ ಅನುಮಾನ ಇತ್ತು!

ಹೆಂಡತಿ: ಅನುಮಾನ ಯಾಕೆ? ಗೊತ್ತೇ ಇತ್ತು. ಅವನ ಪಕ್ಕದಲ್ಲಿ ಊಟಕ್ಕೆ ಕೂತು ಬೆಳೆದೋಳು ನಾನು. ತಟ್ಟೆ ಬಿಟ್ಟು ನೀರು ಕುಡಿಯೋಕೆ ಎದ್ರೆ ನನ್ನ ಪಾಲು ಏನಾಗ್ತಿತ್ತು ಅಂತ ನನಗೆ ಗೊತ್ತಿಲ್ವಾ?

ಗಂಡ: ಮತ್ತೆ ಹನ್ನೊಂದು ವರ್ಷ ನನ್ನ ಜೊತೆ ಜಗಳ ಆಡಿದ್ಯಲ್ಲೇ, ನಮ್ಮಣ್ಣ ಹರಿಶ್ಚಂದ್ರ ಅಂತ!

ಹೆಂಡತಿ: ಆಡದೆ? ಅವನು ನಮ್ಮಣ್ಣ. ಅವನನ್ನ ನಾನು ಕಳ್ಳ ಅಂತೀನಿ, ಸುಳ್ಳ ಅಂತೀನಿ, ಅದು ನಮ್ಮ ತವರುಮನೆ ಮಾತು. ಅನ್ನೋಕೆ ನೀವ್ಯಾರು?

ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು, ಒಡಹುಟ್ಟಿದವನ ಮೇಲೆ ಕಣ್ಣಿಟ್ಟು ಕುಳಿತ ಆ ಹೆಂಗಸು ಯಾರ ತಲೆಯ ಮೇಲೆ ಲಿಂಟಲ್ ಬೀಳಬಾರದೆಂದು ಕುಳಿತಿದ್ದಳು ಎಂಬುದು ಗಂಡನಿಗೆ ಆಗ ಹೊಳೆಯಿತು. ಅವನಿಗೆ ನಗು ಬಂತು. ಅಂಗಡಿಯವನು ಮಾತ್ರ ಬೇರೆಯೇ ಲೆಕ್ಕದಲ್ಲಿದ್ದ.

ಅಂಗಡಿಯವನು: ಹಾಗಾದ್ರೆ ಅಮ್ಮಾ, ಮೇಸ್ತ್ರಿ ಯಾರಾದ್ರೂ ಇರಲಿ. ನಮ್ಮ ಲಿಂಟಲ್ ಹಾಕೋ ದಿನ ನೀವು ಬಂದು ಕೂತ್ಕೋತೀರಾ? ಕುರ್ಚಿ ನಾನು ಕೊಡ್ತೀನಿ.

ಗಂಡ: (ಡಬ್ಬಿಯನ್ನು ಎದೆಗವಚಿಕೊಂಡು) ಕೂರಿಸಿ ಸ್ವಾಮಿ, ಧಾರಾಳವಾಗಿ ಕೂರಿಸಿ. ಆದ್ರೆ ಇವಳು ಕೂತು ಕಟ್ಟಿಸಿದ ಗೋಡೆಗೆ ಆಮೇಲೆ ನೀವೊಂದು ಮೊಳೆ ಹೊಡೀಬೇಕಾದ್ರೂ ನನ್ನ ಹತ್ರಾನೇ ಬರ್ಬೇಕು. ದೊಡ್ಡ ಮಿಷಿನ್ ಈಗ ನಮ್ಮನೇಲಿದೆ.